ಐವಿಎಫ್‌ಗೆ ಮೊದಲು ವಿಟಮಿನ್ ಡಿ: ಡಾಕ್ಟ್ರಿಗೆ ಕೇಳಿ (ಗ್ರೂಪಿನ ಮಾತುಕತೆ, ಕೇಳಿದವರ ಹೆಸರಿನ ಬದಲು ಅವರ ಊರು)

ಕಾಪು: ಡಾಕ್ಟ್ರೇ, ನನ್ನ ವಿಟಮಿನ್ ಡಿ 17. ಮುಂದಿನ ತಿಂಗಳು ಐವಿಎಫ್ (ಹೊರಗೆ ಭ್ರೂಣ ಮಾಡಿ ಗರ್ಭಕೋಶಕ್ಕೆ ಹಾಕುವ ಚಿಕಿತ್ಸೆ) ಶುರು. ಏರಿಸದಿದ್ದರೆ ಫೇಲ್ ಆಗುತ್ತದಾ?

ಡಾಕ್ಟರ್: 20ರ ಕೆಳಗೆ ಅಂದರೆ ಕೊರತೆ, ಸರಿಮಾಡಿಕೊಳ್ಳಿ, ಎಲುಬಿಗೂ ಬೇಕು. ಆದರೆ ಡಿ ಏರಿದ ಕೂಡಲೇ ಗರ್ಭ ನಿಲ್ಲುತ್ತದೆ ಅಂತ ಲೆಕ್ಕ ಹಾಕಬೇಡಿ. ಡಿ ಚೆನ್ನಾಗಿದ್ದವರಲ್ಲಿ ಫಲ ಸ್ವಲ್ಪ ಜಾಸ್ತಿ ಅಂತ ಮೊದಲು ಕಂಡದ್ದು ಹೌದು. ಆದರೆ ತೂಕ ಜಾಸ್ತಿ ಇರುವವರಲ್ಲಿ ಡಿ ಹೇಗೂ ಕಡಿಮೆ, ಐವಿಎಫ್ ಫಲವೂ ಕಡಿಮೆ, ಅದರಲ್ಲಿ ಡಿಯ ಪಾಲು ಎಷ್ಟು ಅಂತ ಹೇಳುವುದು ಹೇಗೆ? ಇಟಲಿಯಲ್ಲಿ ಡಿ ಕಡಿಮೆ ಇದ್ದ 630 ಹೆಂಗಸರಲ್ಲಿ ಒಂದು ಪಾಲಿಗೆ ಒಮ್ಮೆಗೇ 6 ಲಕ್ಷ ಯೂನಿಟ್, ಇನ್ನೊಂದು ಪಾಲಿಗೆ ಔಷಧಿ ಇಲ್ಲದ ಡೋಸ್ ಕೊಟ್ಟು ನೋಡಿದರು. ಗರ್ಭ ನಿಂತದ್ದು ನೂರಕ್ಕೆ 37 ಮತ್ತು 40. ಔಷಧಿ ಕುಡಿದವರದ್ದೇ 37.

ಮಲ್ಪೆ: ಬೆಳಿಗ್ಗೆ 6 ಗಂಟೆಗೆ ತೆಂಗಿನೆಣ್ಣೆ ಹಚ್ಚಿ ಬೀಚಿನಲ್ಲಿ ಕೂತರೆ 15 ದಿನದಲ್ಲಿ 50 ದಾಟುತ್ತದಂತೆ, ಫಾರ್ವರ್ಡ್ ಬಂದಿದೆ.

ಡಾಕ್ಟರ್: ಆ ಹೊತ್ತಿನ ಬಿಸಿಲಲ್ಲಿ ಡಿ ಮಾಡುವ ಕಿರಣ ಇಲ್ಲವೆನ್ನುವಷ್ಟು ಕಡಿಮೆ. ಬೇಕಾದದ್ದು 11ರಿಂದ 2ರ ಬಿಸಿಲು. ಎಣ್ಣೆಯನ್ನು ಅಡುಗೆಗೆ ಇಡಿ.

ಉಪ್ಪಿನಂಗಡಿ: ಬೂತಾಯಿ, ಬಂಗುಡೆ ತಿಂದರೆ ಸಾಕಲ್ವಾ?

ಮಣಿಪಾಲ: ಎಲ್ಲರೂ ಮೀನು ತಿನ್ನುವವರಲ್ಲ. ಬಸಳೆಯಲ್ಲೂ ಉಂಟು.

ಉಪ್ಪಿನಂಗಡಿ: ಬಸಳೆಯಲ್ಲಿ ಡಿ ಎಲ್ಲಿಂದ ಬಂತು ಮಾರಾಯ್ರೆ!

ಮಣಿಪಾಲ: ದಿನಾ ಮೀನು ತಿನ್ನುವ ನಿಮ್ಮ ಮನೆಯಲ್ಲೇ ಮೂವರಿಗೆ ಡಿ ಕಡಿಮೆ ಅಂತ ಹೋದ ವಾರ ನೀವೇ ಹಾಕಿದ್ರಲ್ಲ.

ಸುರತ್ಕಲ್: ಲೆವೆಲ್ 100 ದಾಟಿದರೆ ಮಾತ್ರ ಗರ್ಭ ನಿಲ್ಲುತ್ತದೆ ಅಂತ ಫಾರ್ವರ್ಡ್ ನೋಡಿ 60,000ದ ಸ್ಯಾಚೆಟ್ ದಿನಾ ಒಂದರಂತೆ 40 ದಿನ ಕುಡಿದೆ. ನಡುವೆ 6 ಲಕ್ಷದ ಇಂಜೆಕ್ಷನ್ನೂ ಆಯ್ತು. ಈಗ 164. ಒಂದು ವಾರದಿಂದ ವಾಂತಿ, ಬಾಯಾರಿಕೆ. ಭ್ರೂಣ ಒಳಗೆ ಹಾಕುವ ಟ್ರಾನ್ಸ್‌ಫರ್ ಸೋಮವಾರ.

ಡಾಕ್ಟರ್: ಅಮ್ಮಾ, ಇವತ್ತೇ ಆಸ್ಪತ್ರೆಗೆ ಹೋಗಿ. ನಾಳೆ ಅಲ್ಲ. ಆ ಸ್ಯಾಚೆಟ್ ಸಾಮಾನ್ಯವಾಗಿ ಕೊಡುವುದು ವಾರಕ್ಕೊಂದು, 8 ವಾರ, ಒಟ್ಟು 4.8 ಲಕ್ಷ. ನಿಮ್ಮ ಒಳಗೆ ಹೋದದ್ದು 30 ಲಕ್ಷ. ಡಿ ಕೊಬ್ಬಿನಲ್ಲಿ ಕೂತುಕೊಳ್ಳುತ್ತದೆ, ನಿಲ್ಲಿಸಿದರೂ ತಿಂಗಳುಗಟ್ಟಲೆ ಹೋಗುವುದಿಲ್ಲ, ರಕ್ತದಲ್ಲಿ ಕ್ಯಾಲ್ಸಿಯಂ ಏರಿಸುತ್ತಲೇ ಇರುತ್ತದೆ. ವಾಂತಿ, ಬಾಯಾರಿಕೆ ಅದರದ್ದೇ ಇರಬಹುದು. ಕ್ಯಾಲ್ಸಿಯಂ, ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಟೆಸ್ಟ್) ಎರಡೂ ನೋಡಿಸಿ, ಕಿಡ್ನಿಗೆ ಪೆಟ್ಟು ಬೀಳುವುದು ಹೀಗೆಯೇ. ಡಿ ಮತ್ತು ಕ್ಯಾಲ್ಸಿಯಂ ಮಾತ್ರೆ ಎಲ್ಲ ಬಂದ್. ಸೋಮವಾರದ ವಿಷಯ ನಿಮ್ಮ ಐವಿಎಫ್ ಡಾಕ್ಟ್ರಿಗೆ ಈಗಲೇ ಫೋನ್ ಮಾಡಿ ಹೇಳಿ, ಮುಚ್ಚಿಡಬೇಡಿ. ಆ ಫಾರ್ವರ್ಡ್ ಕಳಿಸಿದವರು ಈ ಗ್ರೂಪಿನಲ್ಲೇ ಇದ್ದರೆ ದಯವಿಟ್ಟು ಅಳಿಸಿ.

ಬಂಟ್ವಾಳ: ಗಂಡನಿಗೂ ಡಿ ಟೆಸ್ಟ್ ಬೇಕಾ?

ಕಾರ್ಕಳ: ನನ್ನದು 18. ಎಂತ ಮಾಡುವುದು?

ಡಾಕ್ಟರ್: ಮೇಲೆ ಓದಿ.

ಕಾರ್ಕಳ: ಓದಿದೆ. ನನ್ನದು 17 ಅಲ್ಲ, 18.

ಡಾಕ್ಟರ್: 18 ಕೂಡ 20ರ ಕೆಳಗೇ.

ಮಲ್ಪೆ: ಕೇಳಿದ್ದಕ್ಕೆ ಇಷ್ಟು ಸಿಟ್ಟು ಯಾಕೆ ಡಾಕ್ಟ್ರೇ? ನಮ್ಮ ಅಜ್ಜಿ ಯಾವ ಟೆಸ್ಟ್ ಮಾಡಿಸಿದ್ದರು, ಒಂಬತ್ತು ಹೆತ್ತರು.

ಉಪ್ಪಿನಂಗಡಿ: ಬೂತಾಯಿ ತಿಂದೇ.

ಸುರತ್ಕಲ್: ಕ್ಯಾಲ್ಸಿಯಂ 13. ಅಡ್ಮಿಟ್ ಮಾಡಿದರು, ಡ್ರಿಪ್ ಹಾಕಿದ್ದಾರೆ. ಟ್ರಾನ್ಸ್‌ಫರ್ ಮುಂದೂಡಿದ್ದಾರೆ. ನನ್ನಿಂದಲೇ ಹೀಗಾಯಿತು ಅಲ್ವಾ?

ಡಾಕ್ಟರ್: ಭ್ರೂಣ ಫ್ರೀಜರಿನಲ್ಲಿ ಉಂಟಲ್ಲ, ಎರಡು ತಿಂಗಳು ತಡವಾದರೆ ಏನೂ ಆಗುವುದಿಲ್ಲ. ಕ್ರಿಯಾಟಿನಿನ್ ಎಷ್ಟು ಬಂತು? ಅದನ್ನು ಹಾಕಿ.