ಬಾಯಿಪಾಠ ಬರುತ್ತದೆ, ನೋಡಿ ಓದಲು ಬರುವುದಿಲ್ಲ: ಮದ್ರಸಾ ಮಕ್ಕಳಿಗೆ ಏನು ಮಾಡೋಣ?

ಪ್ರಶ್ನೆ (ಶಿರಸಿ)
ಅಸ್ಸಲಾಮು ಅಲೈಕುಂ. ಸಂಜೆ ಮದ್ರಸಾ, ಒಂದೇ ತಾಸು, 24 ಮಕ್ಕಳು, ಎಲ್ಲರೂ ಕನ್ನಡ ಶಾಲೆಯವರು. ಕುರ್‌ಆನಿನ ಕೊನೆಯ ಭಾಗವಾದ ಅಮ್ಮ ಪಾರಾದ ಸಣ್ಣ ಸೂರಾಗಳನ್ನು (ಅಧ್ಯಾಯಗಳನ್ನು) ಗಡಗಡ ಹೇಳುತ್ತಾರೆ. ಬೇರೆ ಪುಟದ ಮೇಲೆ ಬೆರಳಿಟ್ಟರೆ ಬಾಯಿ ಕಟ್ಟುತ್ತದೆ. ಜೊತೆಗೆ 'ಅಹದ್' ಅನ್ನಬೇಕಾದಲ್ಲಿ 'ಅಹದು' ಅನ್ನುತ್ತಾರೆ. ಕಲ್‌ಕಲಾ (ಸ್ವರವಿಲ್ಲದ ಕೆಲವು ವ್ಯಂಜನಗಳನ್ನು ಚಿಮ್ಮಿಸಿ ನುಡಿಯುವುದು) ಮಾಡಿ ಅಂದರೆ ಆ 'ಉ' ಇನ್ನೂ ಗಟ್ಟಿಯಾಗುತ್ತದೆ. ಎಲ್ಲಿಂದ ತಿದ್ದಬೇಕು?

ಉತ್ತರ (ಭಟ್ಕಳ)
ವಅಲೈಕುಮುಸ್ಸಲಾಂ ಹಜರತ್. ಮಕ್ಕಳಿಗೆ ಅರಬ್ಬಿಯ ಬಿಡಿ ಅಕ್ಷರ ಗೊತ್ತು, ಕೂಡಿಸಿದ್ದು ಗೊತ್ತಿಲ್ಲ. ಐನ್, ಹೇ ಪದದ ಮೊದಲು ಒಂದು ರೂಪ, ನಡುವೆ ಇನ್ನೊಂದು. ಅಲಿಫ್, ದಾಲ್, ಜಾಲ್, ರೇ, ಜೇ, ವಾವ್ ಮುಂದಿನ ಅಕ್ಷರಕ್ಕೆ ಅಂಟುವುದಿಲ್ಲ. ಆ ಸಂದು ಕಂಡು ಪದ ಮುಗಿಯಿತು ಅಂದುಕೊಳ್ಳುತ್ತಾರೆ. ಕಾಯಿದಾಕ್ಕೆ (ಅಕ್ಷರ ಕಲಿಸುವ ಮೊದಲ ಪುಸ್ತಕ) ಹಿಂದಿರುಗಿ ಹಿಜ್ಜೆ (ಅಕ್ಷರ ಕೂಡಿಸಿ ಓದುವುದು) ಮಾಡಿಸಿ; ಜಬರ್ 'ಅ' ಗುರುತು, ಪೇಶ್ 'ಉ' ಗುರುತು: ಅಲಿಫ್ ಲಾಮ್ ಜಬರ್ ಅಲ್, ಹಾ ಮೀಮ್ ಜಬರ್ ಹಮ್, ದಾಲ್ ಪೇಶ್ ದು. ಬಾಯಿಗೆ ಬಂದ ಸೂರಾದಲ್ಲಿ ಓದು ಪರೀಕ್ಷಿಸಬೇಡಿ, ಕಿವಿಯೇ ಓದಿಬಿಡುತ್ತದೆ.

ಉತ್ತರ (ಕಾರವಾರ)
'ಅಹದು' ಕನ್ನಡದ ನಾಲಿಗೆ ತಂದದ್ದು. ಬಸ್ಸು, ಕಾರು ಅನ್ನುವ ನಮಗೆ ವ್ಯಂಜನದಲ್ಲಿ ನಿಲ್ಲುವ ರೂಢಿಯಿಲ್ಲ. ಕಲ್‌ಕಲಾ ಸದ್ಯಕ್ಕೆ ಬದಿಗಿಡಿ. ಮೊದಲು 'ರಹೀಮ್' ಮೇಲೆ ವಕ್ಫ್ (ನಿಲುಗಡೆ) ಮಾಡಿಸಿ. ತುಟಿ ಮುಚ್ಚಿಕೊಂಡೇ ಮನಸ್ಸಿನಲ್ಲಿ ಮೂರು ಎಣಿಸಲಿ. ಅದು ಕೂತ ಮೇಲೆ 'ಆಲಮೀನ್'. ಆಮೇಲೆ ಇಖ್ಲಾಸ್ ಸೂರಾ: ಅದರ ನಾಲ್ಕೂ ಆಯತ್ (ವಾಕ್ಯ) ದಾಲ್‌ನಲ್ಲೇ ಮುಗಿಯುತ್ತವೆ. ಕನ್ನಡಿ ಕೊಡಿ. ತುಟಿ ದುಂಡಗಾದರೆ ಅದು 'ಉ'. ನಾಲಿಗೆ ಮಾತ್ರ ಚಿಮ್ಮಿ ಬಿಟ್ಟರೆ ಕಲ್‌ಕಲಾ. 'ವಾವ್'ಗೆ ಇದಕ್ಕೆ ವಿರುದ್ಧ: ಹಲ್ಲು ತುಟಿಗೆ ತಾಗದೆ ದುಂಡಗಾಗಲೇಬೇಕು.

ಕನ್ನಡದಿಂದ ಲಾಭವೂ ಇದೆ. ಕಾಗುಣಿತ ಬಲ್ಲ ಮಗುವಿಗೆ ಜಬರ್ ಒಂದು ಮಾತ್ರೆ, ಮದ್ (ದೀರ್ಘ) ಎರಡು ಅಂದರೆ ಸಾಕು. ಆದರೆ ಕನ್ನಡದಲ್ಲಿ ಬರೆದುಕೊಳ್ಳಲು ಮಾತ್ರ ದಯವಿಟ್ಟು ಬಿಡಬೇಡಿ. ಸೇ, ಸೀನ್, ಸಾದ್ ಮೂರೂ 'ಸ' ಆಗುತ್ತವೆ. ಜಾಲ್, ಜೇ, ಜಾದ್, ಜೋ ನಾಲ್ಕೂ 'ಜ'. ದೊಡ್ಡ, ಚಿಕ್ಕ ಎರಡು ಕಾಫ್ ಅಕ್ಷರಗಳೂ 'ಕ'. ದೊಡ್ಡ ಕಾಫ್‌ನ 'ಕಲ್ಬ್' ಹೃದಯ, ಚಿಕ್ಕ ಕಾಫ್‌ನದು ನಾಯಿ. ಮನೆಯ ದಖ್ಖನಿ ಉರ್ದುವಿನಲ್ಲಿ ದೊಡ್ಡ ಕಾಫ್ 'ಖೇ' ಆಗಿರುತ್ತದೆ, ಅದನ್ನೂ ಗಮನಿಸಿ.

ಉತ್ತರ (ಹೊನ್ನಾವರ)
ಎಲ್ಲರ ಕೈಯಲ್ಲೂ ಒಂದೇ ಛಾಪಿನ (ಮುದ್ರಣದ) ಕುರ್‌ಆನ್ ಇದೆಯೇ? ಗಲ್ಫ್‌ನಿಂದ ಬಂದ ಮದೀನಾ ಪ್ರತಿಯಲ್ಲಿ ಮದ್‌ನ ವಾವ್, ಯೇ ಮೇಲೆ ಜಜ್ಮ್ (ಸ್ವರವಿಲ್ಲ ಎಂಬ ಗುರುತು) ಇರುವುದಿಲ್ಲ, ನಮ್ಮ ಛಾಪಿನಲ್ಲಿ ಇರುತ್ತದೆ. ಅಲ್ಲಿ ಜಜ್ಮ್‌ನ ಆಕಾರವೂ ಬೇರೆ. ಕಾಯಿದಾ ಒಂದು, ಮುಸ್ಹಫ್ (ಕುರ್‌ಆನ್ ಪ್ರತಿ) ಇನ್ನೊಂದಾದರೆ ಮಗು ತಡವರಿಸುತ್ತದೆ.

ಪ್ರಶ್ನೆ ಕೇಳಿದವರು
ಜಜಾಕಲ್ಲಾಹ್. ಛಾಪು ಎರಡು ಬಗೆಯವು ಇವೆ, ಬದಲಿಸುತ್ತೇನೆ. ಆದರೆ ತಲಾ ಎರಡೂವರೆ ನಿಮಿಷದಲ್ಲಿ ಹಿಜ್ಜೆ ಆಗುತ್ತದೆಯೇ?

ಉತ್ತರ (ಭಟ್ಕಳ)
ದಿನಕ್ಕೆ 12 ಮಕ್ಕಳ ಸಬಕ್ (ಪಾಠ) ಕೇಳಿ, ತಲಾ ಐದು ನಿಮಿಷ, ಒಬ್ಬೊಬ್ಬರೇ. ಉಳಿದವರು ಜೋಡಿಯಾಗಿ ಹಿಂದಿನ ಪಾಠ ಓದಲಿ. ಒಟ್ಟಾಗಿ ಓದಿಸಿದರೆ ಬಾರದವನ ದನಿ ಬರುವವನ ದನಿಯಲ್ಲಿ ಮುಳುಗಿಹೋಗುತ್ತದೆ.