ಗೀಸರ್ ಬಿಟ್ಟು ಸೋಲಾರ್ ಹಾಕಿಸಲಾ? ಅನುಭವ ಇದ್ದವರು ಹೇಳಿ

ಯಲಹಂಕದಿಂದ: ಸ್ವಂತ ಮನೆ, 30x40 ಸೈಟು, ನಾಲ್ಕು ಜನ, ಬೋರ್‌ವೆಲ್ ನೀರು. ಬೇಸಿಗೆಯಲ್ಲಿ ಟ್ಯಾಂಕರ್. ಕರೆಂಟು, ನೀರು ಎರಡರ ಖರ್ಚೂ ಇಳಿಯಬೇಕು, ಪರಿಸರಕ್ಕೂ ಒಳ್ಳೆಯದಾಗಬೇಕು. ಕೈಯಲ್ಲಿರೋದು 40 ಸಾವಿರ. ಮೊದಲು ಯಾವುದು ಮಾಡಲಿ?

ಕೋಲಾರದ ಮೇಷ್ಟ್ರು: ಗಾಜಿನ ಟ್ಯೂಬಿನ ಸೋಲಾರ್ ಮಾತ್ರ ಬೇಡ. ನಮ್ಮದು 200 ಲೀಟರಿನದ್ದು, 26 ಸಾವಿರ ಆಯ್ತು, ಅದರ ಮೇಲೆ ಪೈಪು, ಪ್ಲಂಬರ್ ಕೂಲಿ ಅಂತ ಮತ್ತೆ 7 ಸಾವಿರ. ಎರಡನೇ ವರ್ಷಕ್ಕೇ ಟ್ಯೂಬಿನೊಳಗೆ ಸುಣ್ಣ ಕಟ್ಟಿ ನೀರು ಉಗುರುಬೆಚ್ಚಗೆ ಬರೋಕೆ ಶುರುವಾಯ್ತು. ಕ್ಲೀನ್ ಮಾಡೋಕೆ ಬಂದವನು 1,800 ತಗೊಂಡ. ಬಿಚ್ಚುವಾಗ ಅವನೇ ಎರಡು ಟ್ಯೂಬ್ ಒಡೆದು ಅದಕ್ಕೂ ನಮ್ಮಿಂದಲೇ ದುಡ್ಡು ಕಿತ್ತ. ವಾರಂಟಿ ಕೇಳಿದರೆ ಗಡಸು ನೀರಿಗೆ ಇಲ್ವಂತೆ! ಮಾರುವಾಗ ಬಾಯಿ ಬಿಡಲಿಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಮೈಸೂರಿನವಳು: ಮೇಷ್ಟ್ರೇ, ತಪ್ಪು ನಿಮ್ಮೂರ ನೀರಿನದ್ದು, ಟ್ಯೂಬಿನದ್ದಲ್ಲ. ನಮಗೆ ಕಾವೇರಿ ನೀರು, ಹತ್ತು ವರ್ಷದ ಮೇಲಾಯ್ತು, ಒಂದು ವಾಷರ್ ಬಿಟ್ಟು ಏನೂ ಬದಲಾಯಿಸಿಲ್ಲ. ಆಷಾಢ, ಶ್ರಾವಣದ ಮೋಡದಲ್ಲಿ ಮಾತ್ರ ಗೀಸರ್ ಹಾಕ್ತೀವಿ. ಮಾವನವರು ಬೇಡ ಅಂದಿದ್ದರು, ನಾನು ಹಟ ಹಿಡಿದು ಹಾಕಿಸಿದ್ದು.

ಕೋಲಾರದ ಮೇಷ್ಟ್ರು: ಮೇಡಂ, ಕೇಳಿದವರ ಮನೆಯಲ್ಲಿ ಇರೋದು ಬೋರ್‌ವೆಲ್. ಸ್ವಲ್ಪ ಓದಿ ಬರೆಯಿರಿ.

ಲೆಕ್ಕದವನು: ಸೋಲಾರ್ ಯಾಕ್ರೀ? ಸರ್ಕಾರದ ಫ್ರೀ ಕರೆಂಟು, ಗೃಹಜ್ಯೋತಿ ಇದೆಯಲ್ಲ. ನಮ್ಮ ಮನೆಗೆ 2023ರಿಂದ ಬಿಲ್ ಸೊನ್ನೆ. 30 ಸಾವಿರ ಬ್ಯಾಂಕಿನಲ್ಲಿಟ್ಟರೆ ಬಡ್ಡಿಯಾದರೂ ಬರುತ್ತೆ.

ಎಲೆಕ್ಟ್ರಿಷಿಯನ್ ಮಗ: ಹಿಂಗೆ ಹೇಳಿ ಜನರನ್ನ ಹಾಳು ಮಾಡಬೇಡಿ ಅಣ್ಣ. ನಮ್ಮಂಥ ಮನೆಗೆ 2022-23ರ ಬಳಕೆಯ ಸರಾಸರಿಗೆ 10% ಸೇರಿಸಿ ಅಷ್ಟೇ ಫ್ರೀ. 200 ಯೂನಿಟ್ ದಾಟಿದರೆ ಆ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಉರಿದರೆ 1 ಯೂನಿಟ್. ನಾಲ್ಕು ಜನಕ್ಕೆ ದಿನಕ್ಕೆ ಎರಡು, ಮೂರು ಆಗೇ ಆಗುತ್ತೆ. ನಾವು ಪ್ರತಿ ಚಳಿಗಾಲ 200 ದಾಟುತ್ತಿದ್ದೆವು. ಮೂರು ಫ್ಯಾನ್ ಬಿಎಲ್‌ಡಿಸಿ, ಅಂದರೆ ಕಮ್ಮಿ ಕರೆಂಟು ಎಳೆಯೋ ಮೋಟರಿನದ್ದು, ಮಾಡಿದ ಮೇಲೆ ದಾಟಿಲ್ಲ. ಹಳೇದು 75 ವ್ಯಾಟ್, ಇದು 30ರ ಆಸುಪಾಸು. ಒಂದಕ್ಕೆ 2,900 ಬಿತ್ತು. ಒಂದರ ರಿಮೋಟ್ ತಿಂಗಳಲ್ಲೇ ಕೆಟ್ಟು ಹೊಸದಕ್ಕೆ 350 ಕೊಟ್ಟೆ, ಆದರೂ ಬೇಜಾರಿಲ್ಲ.

ಲೆಕ್ಕದವನು: ನಿಮ್ಮ ಮನೆಯಲ್ಲಿ ಜಾಸ್ತಿ ಉರಿಸ್ತೀರಿ ಅಂತ ನಾನು ಹಾಳು ಮಾಡಿದೆ ಅಂದರೆ ಹೇಗೆ? ಮಾತು ನೋಡಿಕೊಂಡು ಆಡಿ.

ಶಿರಸಿ ಮಾಣಿ: ನಮ್ಮಲ್ಲಿ ಇವತ್ತಿಗೂ ಬಚ್ಚಲ ಒಲೆ, ಹಂಡೆ. ಅಡಿಕೆ ಸಿಪ್ಪೆ, ತೆಂಗಿನ ಗರಿ ಹಾಕಿದರೆ ಸಾಕು. ಖರ್ಚೇ ಇಲ್ಲ. ಬೂದಿ ತೋಟಕ್ಕೆ ಹೋಗುತ್ತದೆ.

ಮೈಸೂರಿನವಳು: ಆ ಹೊಗೆ ಕುಡಿಯುವವರು ಯಾರು? ತವರುಮನೆಯಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಒಲೆ ಊದಿದವಳು ನಾನು. ಗಂಡಸರು ಖರ್ಚೇ ಇಲ್ಲ ಅಂತ ಸುಲಭವಾಗಿ ಹೇಳಿಬಿಡ್ತೀರಿ.

ಶಿರಸಿ ಮಾಣಿ: ನಮ್ಮ ಮನೆಯಲ್ಲಿ ಒಲೆ ಹಚ್ಚುವವನು ನಾನೇ ಅಕ್ಕ. ಗೊತ್ತಿಲ್ಲದೆ ಹೇಳಬೇಡಿ.

ಮಳೆನೀರು: ಎಲ್ಲರೂ ಬಿಸಿನೀರಿನ ಜಗಳಕ್ಕೇ ನಿಂತಿರಲ್ಲ, ಇವರಿಗೆ ನೀರೇ ಇಲ್ಲ! ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. 1,000 ಚದರಡಿ ತಾರಸಿ ಅಂದರೆ ಹತ್ತಿರ ಹತ್ತಿರ 90 ಸಾವಿರ ಲೀಟರ್. 2024ರ ಮಾರ್ಚಿನಲ್ಲಿ ಜಿಲ್ಲಾಡಳಿತ 12 ಸಾವಿರ ಲೀಟರ್ ಟ್ಯಾಂಕರಿಗೆ 5 ಕಿ.ಮೀ. ಒಳಗೆ 1,000 ರೂಪಾಯಿ ಅಂತ ದರ ಕಟ್ಟಿತ್ತು. ನಮ್ಮ ಬೀದಿಗೆ ಬಂದವನು 2,200 ಕೇಳಿದ, ಬೇಡ ಅಂದರೆ ಮುಂದಿನ ಮನೆಗೆ ಹೋದ. ಆ ವರ್ಷವೇ ಫಿಲ್ಟರ್, ಪೈಪು, ಸಂಪ್ ಟ್ಯಾಂಕಿಗೆ ಸಂಪರ್ಕ ಎಲ್ಲ ಸೇರಿ 24 ಸಾವಿರ ಹಾಕಿದೆ. ಮೊದಲ ಮಳೆಯ ಕೊಳೆ ಹೊರಗೆ ಬಿಡೋಕೆ ಬೇರೆ ವಾಲ್ವ್ ಇಡಿಸಿ, ಮರೀಬೇಡಿ. ಮಳೆನೀರು ಮೆದು, ಸೋಲಾರ್ ಟ್ಯೂಬಿಗೂ ಅದನ್ನೇ ಬಿಡಿ.

ಕೋಲಾರದ ಮೇಷ್ಟ್ರು: ಫೆಬ್ರವರಿ, ಮಾರ್ಚಿನಲ್ಲಿ ಯಾವ ಮಳೆನೀರು ಬಿಡ್ತೀರಿ ಸರ್?

ಮಳೆನೀರು: ನಿಮಗೆ ಏನು ಹೇಳಿದರೂ ತಕರಾರೇ. ಯಲಹಂಕದವರೇ, ಸಂಪು ಎಷ್ಟು ಲೀಟರಿನದ್ದು ಹೇಳಿ, ಮುಂದಿನ ಲೆಕ್ಕ ಕೊಡ್ತೀನಿ.