ಇಂಗ್ಲೆಂಡಿನ ಕಾಲುವೆ ದೋಣಿಗಾರರ ಕಸುಬುಗಳನ್ನು ಉಳಿಸುವ ಬಗೆ ಹೇಗೆ?

ಪ್ರಶ್ನೆ

ಮಾನ್ಯರೇ, ಇಂಗ್ಲೆಂಡಿನ ಕಾಲುವೆಗಳಲ್ಲಿ ಕಲ್ಲಿದ್ದಲು ಸಾಗಿಸುತ್ತಿದ್ದ ಕುಟುಂಬಗಳು 70 ಅಡಿ ಉದ್ದ, ಸುಮಾರು 7 ಅಡಿ ಅಗಲದ ‘ನ್ಯಾರೋಬೋಟ್’ ಎಂಬ ಕಿರಿದಾದ ದೋಣಿಯ ಹಿಂಬದಿಯ ಪುಟ್ಟ ಕೋಣೆಯಲ್ಲೇ ಸಂಸಾರ ಮಾಡುತ್ತಿದ್ದವು. ಅದರ ಬಾಗಿಲಿಗೂ ನೀರಿನ ಕ್ಯಾನಿಗೂ ಗುಲಾಬಿ, ಕೋಟೆಗಳ ಚಿತ್ರ ಬರೆಸುತ್ತಿದ್ದವು. ಸ್ಟೋಕ್ ಬ್ರೂಯರ್ನ್ ಮತ್ತು ಎಲ್ಸ್‌ಮಿಯರ್ ಪೋರ್ಟ್‌ನ ವಸ್ತುಸಂಗ್ರಹಾಲಯಗಳು ಅಂಥ ವಸ್ತುಗಳನ್ನು ಕಾಪಾಡಿವೆ. ಅವುಗಳ ಹಿಂದಿದ್ದ ಕಸುಬು ಇಂದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತಿದೆಯೇ, ದಾಟದಿದ್ದರೆ ಏನು ಮಾಡಬೇಕು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1

ಚಿತ್ರಕಲೆಯ ಮಟ್ಟಿಗೆ ಆತಂಕ ಕಡಿಮೆ. ಮೊದಲು ಗಾಢ ಬಣ್ಣದ ದುಂಡನೆಯ ತಳ ಹಾಕಿ, ಅದು ಒಣಗಿದ ಮೇಲೆ ಗುಲಾಬಿಯ ಒಂದೊಂದು ಎಸಳನ್ನೂ ಕುಂಚದ ಒಂದೇ ಎಳೆತದಲ್ಲಿ ಮೂಡಿಸುವ ಕ್ರಮವನ್ನು ಕಲಿಸುವವರಿದ್ದಾರೆ, ಅಂಥ ಕ್ಯಾನುಗಳನ್ನು ಕೊಳ್ಳುವವರೂ ಇದ್ದಾರೆ.

ಉತ್ತರ 2

ಮೇಲಿನ ಮಾತನ್ನು ಒಪ್ಪುತ್ತೇನೆ. ನನಗೆ ಚಿಂತೆಯಿರುವುದು ಮರದ ದೋಣಿ ಕಟ್ಟುವ ವಿದ್ಯೆಯ ಬಗ್ಗೆ. ಪಕ್ಕಗಳಿಗೆ ಓಕ್ ಹಲಗೆ; ತಳಕ್ಕೆ ಅಡ್ಡಲಾಗಿ ಎಲ್ಮ್ ಹಲಗೆ, ಏಕೆಂದರೆ ಎಲ್ಮ್ ಸದಾ ನೀರಿನಲ್ಲಿದ್ದರೆ ಬೇಗ ಕೊಳೆಯುವುದಿಲ್ಲ. ಮೂತಿಯ ತಿರುವಿಗೆ ಬೇಕಾದ ಹಲಗೆಯನ್ನು ಆವಿಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲೇ ಬಗ್ಗಿಸಿ ಬಿಗಿಯಬೇಕು. ಸಂದುಗಳಿಗೆ ಟಾರು ಹಚ್ಚಿದ ನಾರನ್ನು ಬಡಿದು ತುಂಬಬೇಕು. ಎಷ್ಟು ಬಡಿದರೆ ಸಾಕೆಂಬುದನ್ನು ಪಳಗಿದ ಕಿವಿ ಸುತ್ತಿಗೆಯ ಸದ್ದಿನಿಂದಲೇ ಗುರುತಿಸುತ್ತದೆ. ಟಾರು, ಕುದುರೆ ಲದ್ದಿ, ದನದ ಕೂದಲನ್ನು ಸೇರಿಸಿ ಕಾಯಿಸಿದ ‘ಚಾಲಿಕೋ’ ಎಂಬ ಲೇಪವೂ ಇತ್ತು. 1960ರ ದಶಕದ ಕೊನೆಯಿಂದ ಹಬ್ಬಿದ ಡಚ್ ಎಲ್ಮ್ ರೋಗವು ಆ ದೇಶದ ದೊಡ್ಡ ಎಲ್ಮ್ ಮರಗಳನ್ನು ಬಹುಪಾಲು ನಾಶಮಾಡಿದ್ದರಿಂದ, ಕಲಿಸುವ ಗುರು ಸಿಕ್ಕರೂ ಹಲಗೆ ಸಿಗುವುದು ಕಷ್ಟವಾಗಿದೆ. ಮರದ ದೋಣಿಯನ್ನು ನೀರಿನಿಂದೆತ್ತಿ ಪ್ರದರ್ಶನಕ್ಕಿಟ್ಟರೆ ಹಲಗೆ ಒಣಗಿ ಸಂದು ಬಿಡುತ್ತದೆ. ಆದ್ದರಿಂದ ಹಣವಿದ್ದಲ್ಲಿ ಅದನ್ನು ಹೊಸ ಪ್ರದರ್ಶನಾಂಗಣಕ್ಕಿಂತ ಮೊದಲು, ದೋಣಿ ದುರಸ್ತಿ ಮಾಡುವ ಕಟ್ಟೆಯಲ್ಲಿ ಕಲಿಯುವ ಯುವಕ ಯುವತಿಯರ ಸಂಬಳಕ್ಕೆ ಕೊಡಬೇಕೆಂದು ನಾನು ದೃಢವಾಗಿ ನಂಬುತ್ತೇನೆ.

ಉತ್ತರ 3

ದೋಣಿ ನಡೆಸುವ ವಿದ್ಯೆಯನ್ನೂ ಮರೆಯಬಾರದು. 1962-63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿದ ಮೇಲೆ ಸರಕು ಸಾಗಣೆ ಬಹುಮಟ್ಟಿಗೆ ನಿಂತಿತು, ಕುಟುಂಬಗಳು ದಡಕ್ಕಿಳಿದವು. ಅವರಲ್ಲಿ ಅನೇಕರಿಗೆ ಓದು ಬರಹ ಬಾರದ ಕಾರಣ ತಿಳಿವಳಿಕೆಯೆಲ್ಲ ಬಾಯಿಮಾತಿನಲ್ಲೇ ಇತ್ತು. ದೋಣಿಯಲ್ಲೇ ಹುಟ್ಟಿ ಬೆಳೆದ ಹಿರಿಯರ ಮಾತನ್ನು ಧ್ವನಿಮುದ್ರಿಸುವ ಕೆಲಸ ಈಗಲೇ ಆಗಬೇಕು. 20 ಟನ್ನಿಗೂ ಹೆಚ್ಚು ಭಾರ ಹೊತ್ತ ದೋಣಿ ತಿರುವಿನಲ್ಲಿ ಹೇಗೆ ವರ್ತಿಸುತ್ತದೆ ಎಂಬುದನ್ನು ಖಾಲಿ ದೋಣಿಯಲ್ಲಿ ಕಲಿಯಲಾಗದು. ಕೆಲವು ಹಳೆಯ ನ್ಯಾರೋಬೋಟುಗಳು ಇಂದಿಗೂ ಕಾಲುವೆಯ ಮೇಲೆ ವಾಸಿಸುವವರಿಗೆ ಕಲ್ಲಿದ್ದಲು, ಡೀಸೆಲ್ ಮಾರುತ್ತ ಸಂಚರಿಸುತ್ತಿವೆ. ಕಲಿಯಬಯಸುವವರು ಮೊದಲು ಅವುಗಳ ಮಾಲೀಕರನ್ನು ಕಾಣುವುದು ಒಳಿತು.